ಐಸ್‌ಲೆಂಡಿನ ಸಂಜೆಯ ಜಾಗರಣೆ

ಹೆಣಿಗೆಯ ಕಡ್ಡಿ, ಒಂದು ಪುಸ್ತಕ, ಸುತ್ತಲೂ ಮನೆಯ ಜನ. ಹಗಲಿನ ದುಡಿಮೆ ಮುಗಿದ ಮೇಲೆ ಈ ಮೂರೂ ಒಟ್ಟಿಗೆ ದೊರೆತರೆ ಸಾಕು, ಬೇರೆ ವಿನೋದವೇ ಬೇಡ ಎನ್ನತಕ್ಕವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಈ ಆಸೆಯಲ್ಲಿ ಒಂದು ತೊಡಕುಂಟು. ಹೆಣೆಯುವವರ ಕೈ ಪುಸ್ತಕ ಹಿಡಿಯಲು ಬಿಡುವಾಗಿರುವುದಿಲ್ಲ. ಪುಸ್ತಕ ಹಿಡಿದವರ ಕೈ ಕೆಲಸಕ್ಕೆ ಒದಗುವುದಿಲ್ಲ. ಒಬ್ಬರು ಪುಸ್ತಕದಲ್ಲಿಯೂ ಇನ್ನೊಬ್ಬರು ಹೆಣಿಗೆಯಲ್ಲಿಯೂ ಮುಳುಗಿಬಿಟ್ಟರೆ ಮನೆಯವರು ಒಂದೇ ಕೋಣೆಯಲ್ಲಿದ್ದೂ ಬೇರೆ ಬೇರೆ ಊರಿನವರಂತಾಗುತ್ತಾರೆ. ಈ ತೊಡಕನ್ನು ಒಂದು ದೇಶದ ಜನ ಸುಮಾರು ಮುನ್ನೂರು ವರ್ಷಗಳ ಕಾಲ ಬಲು ಸುಲಭವಾಗಿ ಪರಿಹರಿಸಿಕೊಂಡಿದ್ದರು. ಅದಕ್ಕೆ ಅವರಿಗೆ ನೆರವಾದದ್ದು ಯಾವ ದೊಡ್ಡ ವಿಚಾರವೂ ಅಲ್ಲ, ಬಡತನ. ಆ ದೇಶ ಐಸ್‌ಲೆಂಡು. ಅವರ ಆ ಪದ್ಧತಿಯ ಹೆಸರು ಕ್ವೋಲ್ಡ್‌ವಾಕಾ. ಅಂದರೆ ಸಂಜೆಯ ಜಾಗರಣೆ.

ಯೂರೋಪಿನ ಭೂಪಟದಲ್ಲಿ ವಾಯವ್ಯದ ಮೂಲೆಯಲ್ಲಿ, ಉತ್ತರಧ್ರುವವೃತ್ತಕ್ಕೆ ತಾಗಿದಂತೆ, ಈ ದ್ವೀಪವಿದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಬಂದ ಜನ ಇಲ್ಲಿ ನೆಲೆಸಿದರು. ಅವರು ಬಂದಾಗ ತಗ್ಗಿನ ನೆಲದಲ್ಲಿ ಭೂರ್ಜವೃಕ್ಷದ ಕಾಡು ಇತ್ತು. ಸೌದೆಗೂ ಇದ್ದಲಿಗೂ ಕಡಿದು, ಕುರಿಗಳನ್ನು ಮೇಯಲು ಬಿಟ್ಟು, ಕೆಲವು ಶತಮಾನಗಳಲ್ಲಿಯೇ ಅದನ್ನು ಬಹುಮಟ್ಟಿಗೆ ಮುಗಿಸಿದರು. ಆಮೇಲೆ ಅವರಿಗೆ ಉಳಿದ ಮರವೆಂದರೆ ಸಮುದ್ರದ ಅಲೆಗಳು ದಡಕ್ಕೆ ತಂದು ಹಾಕುವ ದಿಮ್ಮಿಗಳೇ. ಆದಕಾರಣ ಮನೆಗಳನ್ನು ಕಲ್ಲಿನಿಂದಲೂ, ಹುಲ್ಲಿನ ಬೇರು ಸಹಿತವಾಗಿ ಕತ್ತರಿಸಿ ತೆಗೆದ ಮಣ್ಣಿನ ಹೆಂಟೆಗಳಿಂದಲೂ ಕಟ್ಟುತ್ತಿದ್ದರು. ಮಾಡಿನ ಮೇಲೆಯೂ ಅದೇ ಹೆಂಟೆ. ಬೇಸಗೆಯಲ್ಲಿ ಮನೆಯ ಮೇಲೆ ಹುಲ್ಲು ಬೆಳೆಯುತ್ತಿತ್ತು. ದೂರದಿಂದ ನೋಡಿದರೆ ಮನೆಯೋ ದಿಬ್ಬವೋ ತಿಳಿಯುವಂತಿರಲಿಲ್ಲ.

ಇಂಥ ಮನೆಯಲ್ಲಿ ಮುಖ್ಯವಾದ ಕೋಣೆ ಒಂದೇ. ಅದಕ್ಕೆ ಬಾದ್‌ಸ್ತೋವಾ ಎಂದು ಹೆಸರು. ಶಬ್ದಾರ್ಥ ನೋಡಿದರೆ ‘ಸ್ನಾನದ ಕೋಣೆ’ ಎಂದಾಗುತ್ತದೆ. ಹಿಂದೆ ಒಲೆ ಹೂಡಿ ಬಿಸಿ ಹಬೆಯಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದ ಕೋಣೆ ಅದು. ಸೌದೆ ಮುಗಿದ ಮೇಲೆ ಸ್ನಾನ ಹೋಯಿತು, ಹೆಸರು ಉಳಿಯಿತು. ಎರಡು ಗೋಡೆಗಳ ಉದ್ದಕ್ಕೂ ಸಾಲಾಗಿ ಮಂಚಗಳು. ಒಂದೊಂದು ಮಂಚದಲ್ಲಿ ಇಬ್ಬರು, ಒಬ್ಬರ ತಲೆಯ ಕಡೆಗೆ ಇನ್ನೊಬ್ಬರ ಕಾಲು. ಹಗಲಲ್ಲಿ ಅದೇ ಮಂಚ ಕುಳಿತುಕೊಳ್ಳುವ ಪೀಠ, ಊಟದ ಎಡೆ, ಕೆಲಸದ ಜಗಲಿ. ಯಜಮಾನ, ಯಜಮಾನಿ, ಮಕ್ಕಳು, ಅಜ್ಜಿ, ಆಳುಗಳು, ಸೇವಕಿಯರು ಎಲ್ಲರೂ ಅಲ್ಲಿಯೇ. ಅನೇಕ ಮನೆಗಳಲ್ಲಿ ಆ ಕೋಣೆಗೆ ಒಲೆಯೇ ಇರಲಿಲ್ಲ. ಅಡಿಗೆಗೆ ಬೇಕಾದ ಉರುವಲೇ ದುರ್ಲಭ. ಜೌಗುನೆಲದಿಂದ ಅಗೆದು ಒಣಗಿಸಿದ ಕಪ್ಪು ಮಣ್ಣು, ಒಣಗಿದ ಕುರಿಯ ಹಿಕ್ಕೆ, ಇಷ್ಟೇ. ಕೆಲವು ಕಡೆ ಕೆಳಗೆ ಹಸುವಿನ ಕೊಟ್ಟಿಗೆ, ಮೇಲೆ ಜನ. ದನದ ಮೈಶಾಖವೇ ಮನೆಯ ಒಲೆ. ಕಿಟಕಿ ಅಂಗೈಯಗಲ. ಅದಕ್ಕೆ ಗಾಜಿನ ಬದಲು ಪಶುವಿನ ಮೈಯೊಳಗಿನ ತೆಳುವಾದ ಪೊರೆಯನ್ನು ಬಿಗಿಯುತ್ತಿದ್ದ ಕಾಲವೂ ಇತ್ತು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯನ ಬೆಳಕು ದಿನಕ್ಕೆ ನಾಲ್ಕು ಗಂಟೆ. ಉತ್ತರಕ್ಕೆ ಹೋದಂತೆ ಇನ್ನೂ ಕಡಿಮೆ.

ಈ ಕತ್ತಲೆಯ ಕೋಣೆಯಲ್ಲಿ ಜನ ಏನು ಮಾಡುತ್ತಿದ್ದರು? ಉಣ್ಣೆಯ ಕೆಲಸ.

ಐಸ್‌ಲೆಂಡಿನ ಕುರಿಗೆ ಎರಡು ಪದರದ ಉಣ್ಣೆ. ಹೊರಗಿನದು ಉದ್ದ, ಒರಟು, ನೀರನ್ನು ಜಾರಿಸತಕ್ಕದ್ದು. ಅದನ್ನು ತೋಗ್ ಎನ್ನುತ್ತಾರೆ. ಒಳಗಿನದು ಗಿಡ್ಡ, ಮೆತ್ತಗೆ, ಬೆಚ್ಚಗೆ, ಅದು ಥೇಲ್. ಮಧ್ಯಯುಗದಲ್ಲಿ ಈ ಉಣ್ಣೆಯನ್ನು ನಿಲುಮಗ್ಗದಲ್ಲಿ ನೇಯ್ದು ವಾದ್‌ಮಾಲ್ ಎಂಬ ದಪ್ಪ ಬಟ್ಟೆ ಮಾಡುತ್ತಿದ್ದರು. ನಾಣ್ಯವಿಲ್ಲದ ಆ ನಾಡಿನಲ್ಲಿ ಆ ಬಟ್ಟೆಯೇ ನಾಣ್ಯವಾಗಿತ್ತು. ಬೆಲೆಗಳನ್ನು ಅದರ ಮೊಳಗಳಲ್ಲಿ ಎಣಿಸುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಸಮುದ್ರದ ಮೇಲೆ ಬಂದ ವರ್ತಕರ ಮೂಲಕ ಹೆಣಿಗೆ ಈ ದ್ವೀಪಕ್ಕೆ ಬಂತು. ಇಂಗ್ಲಿಷರು, ಜರ್ಮನರು, ಡಚ್ಚರು ಮೂವರೂ ಆ ಕಾಲಕ್ಕೆ ಅಲ್ಲಿಗೆ ಬರುತ್ತಿದ್ದರು. ದಕ್ಷಿಣ ತೀರದ ಸ್ತೋರಾಬೋರ್ಗ್ ಎಂಬಲ್ಲಿ ಅಗೆದಾಗ ಆ ಶತಮಾನದ ಮೊದಲ ಭಾಗದ್ದೆಂದು ಹೇಳುವ ಒಂದು ಹೆಣೆದ ಕೈಗವಸು ದೊರೆತಿದೆ.

ಹೊಸ ವಿದ್ಯೆ ಕಾಡ್ಗಿಚ್ಚಿನಂತೆ ಹಬ್ಬಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಿಲುಮಗ್ಗಕ್ಕೆ ಸ್ಥಳ ಬೇಕು, ಮರ ಬೇಕು, ನಿಂತು ಓಡಾಡಬಲ್ಲ ಗಟ್ಟಿ ಹೆಂಗಸು ಬೇಕು. ಹೆಣಿಗೆಗೆ ಕೆಲವು ಕಡ್ಡಿ, ಒಂದು ಉಂಡೆ ನೂಲು. ಮಂಚದ ಮೇಲೆ ಕಾಲು ಮಡಿಸಿ ಕುಳಿತು ಹೆಣೆಯಬಹುದು. ಎಂಟು ವರ್ಷದ ಮಗುವೂ ಹೆಣೆಯಬಹುದು, ಮಗ್ಗದ ಬಳಿ ನಿಲ್ಲಲಾರದ ಮುದುಕಿಯೂ ಹೆಣೆಯಬಹುದು. ಇವೆಲ್ಲಕ್ಕಿಂತ ಹೆಚ್ಚಿನ ಗುಣವೊಂದುಂಟು: ಕೈ ಪಳಗಿದ ಮೇಲೆ ಹೆಣಿಗೆಗೆ ಕಣ್ಣು ಬೇಡ. ಕತ್ತಲೆಯಲ್ಲಿಯೂ ಅದು ಸಾಗುತ್ತದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಹೆಣಿಗೆ ಹೆಂಗಸರ ಕೆಲಸವೆಂಬ ಭಾವನೆ ಅಲ್ಲಿ ಇರಲಿಲ್ಲ. ಗಂಡಸರೂ ಹೆಣೆಯುತ್ತಿದ್ದರು, ಹುಡುಗರಿಗೂ ಹುಡುಗಿಯರಿಗೂ ವಾರಕ್ಕೆ ಇಷ್ಟೆಂದು ಪಾಲು ಗೊತ್ತುಮಾಡಿರುತ್ತಿತ್ತು. ಹೆಣೆದದ್ದನ್ನು ನೀರಿನಲ್ಲಿ ನೆನೆಸಿ ತುಳಿದು ತುಳಿದು ಗಟ್ಟಿಮಾಡಿದರೆ ಗಾಳಿ ಮಳೆಗಳಿಗೆ ಜಗ್ಗದಂತಾಗುತ್ತಿತ್ತು. ಮೀನುಗಾರರಿಗಾಗಿ ಹೆಣೆಯುತ್ತಿದ್ದ ಕೈಗವಸಿಗೆ ಎರಡು ಹೆಬ್ಬೆರಳು! ಹುಟ್ಟು ಹಾಕಿ, ಹುರಿ ಎಳೆದು ಅಂಗೈಯ ಭಾಗ ಸವೆದರೆ, ಮಗ್ಗುಲು ತಿರುಗಿಸಿ ಇನ್ನೊಂದು ಹೆಬ್ಬೆರಳಿನ ಕಡೆಯಿಂದ ತೊಡಬಹುದು. ಬಡವನ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಮನೆಯ ಬಳಕೆಗೆ ಮಾತ್ರವೇ ಈ ಹೆಣಿಗೆಯೆಂದು ತಿಳಿಯಬಾರದು. ಐಸ್‌ಲೆಂಡು ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. 1602ರಿಂದ 1787ರವರೆಗೆ ಅಲ್ಲಿಯ ವ್ಯಾಪಾರವೆಲ್ಲ ದೊರೆಯಿಂದ ಅಪ್ಪಣೆ ಪಡೆದ ವರ್ತಕರ ಕೈಯಲ್ಲಿ. ಅವರು ಇಟ್ಟದ್ದೇ ಬೆಲೆ. ಧಾನ್ಯ ಬೆಳೆಯದ ಆ ದೇಶಕ್ಕೆ ಹಿಟ್ಟು ಬರಬೇಕಾದರೆ ಹಡಗಿಗೆ ಮೀನು, ಮಾಂಸ, ಉಣ್ಣೆಯ ಸರಕುಗಳನ್ನು ತುಂಬಬೇಕು. 1624ನೆಯ ಒಂದೇ ಇಸವಿಯಲ್ಲಿ 72 ಸಾವಿರಕ್ಕೂ ಹೆಚ್ಚು ಜೊತೆ ಕಾಲುಚೀಲಗಳೂ 12 ಸಾವಿರ ಜೊತೆ ಕೈಗವಸುಗಳೂ ಹೊರಕ್ಕೆ ಹೋದುವು. 1703ರಲ್ಲಿ ದೇಶದ ಜನರನ್ನೆಲ್ಲ ಹೆಸರು ಹಿಡಿದು ಎಣಿಸಿದಾಗ ದೊರೆತ ಸಂಖ್ಯೆ 50,358 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ಕಡ್ಡಿಗಳ ಓಟ ಎಂಥದೆಂದು ತಿಳಿದೀತು. ಗೊತ್ತಾದ ಬಂದರಿನಲ್ಲಿಯೇ ಮಾರಬೇಕೆಂಬ ಕಟ್ಟಳೆ ಬೇರೆ. 1699ರಲ್ಲಿ ಹೋಲ್ಮ್‌ಫಾಸ್ಟುರ್ ಗುದ್‌ಮುಂಡ್ಸನ್ ಎಂಬ ಬಡ ರೈತ ತನ್ನ ಬಂದರಿನಲ್ಲಿ ಕೊಳ್ಳದೆ ಬಿಟ್ಟ ಕೆಲವು ಮೀನುಗಳನ್ನು ಪಕ್ಕದ ಬಂದರಿನಲ್ಲಿ ಮಾರಿದ್ದಕ್ಕಾಗಿ ಚಾವಟಿಯ ಏಟು ತಿಂದನು. ಆದ್ದರಿಂದ ಸಂಜೆಯ ಹೆಣಿಗೆಯನ್ನು ಕುರಿತು ಮಾತನಾಡುವಾಗ ನಮ್ಮ ಮನೆಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಹೆಣೆಯುವ ಕುಲಾವಿಯನ್ನು ಮನಸ್ಸಿಗೆ ತಂದುಕೊಳ್ಳಬಾರದು. ಅದು ಹೊಟ್ಟೆಯ ಪಾಡು.

ಇನ್ನು ಆ ಸಂಜೆಯ ವಿಚಾರ. ಅಕ್ಟೋಬರಿನಲ್ಲಿ ಚಳಿಗಾಲ ಕಾಲಿಟ್ಟೊಡನೆ ಜಾಗರಣೆ ಮೊದಲಾಗುತ್ತಿತ್ತು. ಮಧ್ಯಾಹ್ನ ಕಳೆದು ಕತ್ತಲೆ ಕವಿಯುವಾಗ ಮನೆಯವರೆಲ್ಲ ಸ್ವಲ್ಪ ಹೊತ್ತು ಮಲಗಿ ನಿದ್ರೆ ಮಾಡುವರು. ಆ ಮಸುಕಿನಲ್ಲಿ ದೀಪ ಹಚ್ಚುವುದು ದುಂದು. ನಿದ್ರೆಯಿಂದ ಎದ್ದ ಮೇಲೆ ದೀಪ ಹಚ್ಚುವರು. ಒಂದೇ ದೀಪ. ಸೊರಮೀನು ಅಥವಾ ಸೀಲಿನ ಕೊಬ್ಬನ್ನು ಕರಗಿಸಿದ ಎಣ್ಣೆ. ಜೌಗಿನಲ್ಲಿ ಬೆಳೆಯುವ ಹತ್ತಿಯಂಥ ಹುಲ್ಲಿನ ಹೂವಿನಿಂದ ಹೊಸೆದ ಬತ್ತಿ. ವಾಸನೆಯೂ ಹೊಗೆಯೂ ಸಾಕಷ್ಟು. ಬೆಳಕು ಮಾತ್ರ ಒಬ್ಬರು ಓದುವಷ್ಟು. ಆ ಬೆಳಕು ಯಾರಿಗೆ ಸಲ್ಲಬೇಕು? ಹೆಣೆಯುವವರಿಗೆ ಬೆಳಕು ಬೇಡವೆಂದು ಆಗಲೇ ಹೇಳಿದ್ದೇವೆ. ಉಣ್ಣೆ ಹಿಂಜುವುದಕ್ಕೂ ಕದಿರಿನಲ್ಲಿ ನೂಲು ಎಳೆಯುವುದಕ್ಕೂ ಪಳಗಿದ ಕೈಗೆ ಮಂಕುಬೆಳಕು ಸಾಕು. ದೀಪದ ಕೆಳಗಿನ ಸ್ಥಳ ಓದುವವರಿಗೆ. ಅಲ್ಲಿ ಒಬ್ಬನು ಕುಳಿತು ಗಟ್ಟಿಯಾಗಿ ಓದುತ್ತಿದ್ದನು. ಉಳಿದವರೆಲ್ಲ ತಮ್ಮ ತಮ್ಮ ಮಂಚದ ಮೇಲೆ ಕೈಗೆಲಸ ಮಾಡುತ್ತ ಕೇಳುತ್ತಿದ್ದರು. ಪುಸ್ತಕ ಒಂದು, ದೀಪ ಒಂದು, ಕಿವಿ ಹಲವು. ಎಲ್ಲರಿಗೂ ಒಂದೊಂದು ದೀಪವಿದ್ದಿದ್ದರೆ ಇಂಥದೊಂದು ಪದ್ಧತಿ ಹುಟ್ಟುತ್ತಲೇ ಇರಲಿಲ್ಲವೆಂದು ನಮಗೆ ತೋರುತ್ತದೆ.

ಎಬನೇಜರ್ ಹೆಂಡರ್‌ಸನ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಬೈಬಲ್ ಹಂಚುವುದಕ್ಕಾಗಿ 1814ರಲ್ಲಿ ಅಲ್ಲಿಗೆ ಹೋಗಿ ಒಂದು ಚಳಿಗಾಲವನ್ನು ಆ ದೇಶದಲ್ಲಿಯೇ ಕಳೆದನು. 1818ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಸಂಜೆಯ ಚಿತ್ರವಿದೆ. ಹೆಂಗಸರು ನೂಲುವುದು, ಹೆಣೆಯುವುದು. ಗಂಡಸರು ಚರ್ಮ ಹದಮಾಡುವುದು, ಹಗ್ಗ ಹೊಸೆಯುವುದು. ನಡುವೆ ದೀಪದ ಬಳಿ ಓದುವವನು. ಅವನು ಗಮನಿಸಿರುವ ಒಂದು ಸಂಗತಿ ನಮಗೆ ಬಹಳ ಹಿಡಿಸಿತು: ಓದು ಎಡೆಬಿಡದೆ ಸಾಗುತ್ತಿರಲಿಲ್ಲವಂತೆ. ಯಜಮಾನನೋ, ತಿಳಿದವರು ಇನ್ನೊಬ್ಬರೋ ನಡುನಡುವೆ ತಡೆದು, ಈ ಮಾತಿನ ಅರ್ಥವೇನು, ಅವನು ಹಾಗೆ ಮಾಡಿದ್ದು ಸರಿಯೆ, ಎಂದು ಮಕ್ಕಳನ್ನೂ ಆಳುಗಳನ್ನೂ ಕೇಳುತ್ತಿದ್ದರು.

ಓದುತ್ತಿದ್ದ ಗ್ರಂಥಗಳು ಯಾವುವು? ಮುಖ್ಯವಾಗಿ ಸಾಗಾಗಳು. ಇವು ಆ ದೇಶಕ್ಕೆ ಮೊದಲು ಬಂದು ನೆಲೆಸಿದವರ ಮತ್ತು ಅವರ ಮಕ್ಕಳ ಮೊಮ್ಮಕ್ಕಳ ಕಥೆಗಳು. ಬಹುಪಾಲು ಹದಿಮೂರನೆಯ ಶತಮಾನದಲ್ಲಿ ಗದ್ಯದಲ್ಲಿ ಬರೆದವು. ಹೊಲದ ಮೇರೆ, ಮದುವೆ, ಸೇಡು, ಕೊಲೆ, ನ್ಯಾಯಸಭೆ ಇವೇ ವಸ್ತು. ದೇವತೆಗಳ ಪವಾಡ ಕಡಿಮೆ. ಕೇಳುವ ರೈತನಿಗೆ ಕಥೆಯಲ್ಲಿ ಬರುವ ಹೊಳೆ ತನ್ನ ಕುರಿ ದಾಟುವ ಹೊಳೆಯೇ ಆಗಿರುತ್ತಿತ್ತು. ಲಾಕ್ಸ್‌ಡೈಲಾ ಸಾಗಾದಲ್ಲಿ ಒಂದು ಪ್ರಸಂಗವಿದೆ. ಗುದ್ರೂನ್ ಎಂಬವಳು ಒಮ್ಮೆ ತಾನು ಪ್ರೀತಿಸಿದ್ದ ಕ್ಯಾರ್ತಾನನನ್ನು ತನ್ನ ಗಂಡನ ಕೈಯಿಂದಲೇ ಕೊಲ್ಲಿಸುತ್ತಾಳೆ. ಗಂಡ ಮನೆಗೆ ಬಂದಾಗ ಅವಳು ಆ ಬೆಳಗ್ಗೆ ತಾನು ನೂತ ನೂಲಿನ ಲೆಕ್ಕವನ್ನು ಹೇಳಿ, ಅದರ ಪಕ್ಕದಲ್ಲಿ ಅವನು ಮಾಡಿದ ಕೊಲೆಯನ್ನು ಇಡುತ್ತಾಳೆ. ನೂಲುತ್ತ ಕುಳಿತಿದ್ದ ಹತ್ತು ಹೆಂಗಸರ ನಡುವೆ ಈ ಮಾತು ಓದಿದಾಗ ಕದಿರುಗಳು ಒಂದು ಗಳಿಗೆ ನಿಂತಿರಲಾರವೆ?

ಸಾಗಾಗಳ ಜೊತೆಗೆ ರೀಮುರ್ ಎಂಬ ದೀರ್ಘ ಪದ್ಯಕಥೆಗಳು. ಪ್ರಾಸಬದ್ಧವಾದ ಈ ಪದ್ಯಗಳನ್ನು ಓದುತ್ತಿರಲಿಲ್ಲ, ಒಂದು ಧಾಟಿ ಹಿಡಿದು ಹಾಡುತ್ತಿದ್ದರು. ನಮ್ಮ ಗಮಕಿಗಳ ವಾಚನವನ್ನು ಕೇಳಿದವರಿಗೆ ಅದರ ರೀತಿಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಚೆನ್ನಾಗಿ ಹಾಡಬಲ್ಲವನು, ಕಥೆಗಳನ್ನು ಬಾಯಿಪಾಠ ಬಲ್ಲವನು ಚಳಿಗಾಲದಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದನು. ಅವನ ಚೀಲದಲ್ಲಿ ಕಥೆ ಇರುವವರೆಗೆ ಊಟಕ್ಕೂ ಹಾಸಿಗೆಗೂ ಕೊರತೆಯಿಲ್ಲ.

ಪುಸ್ತಕಗಳು ಎಲ್ಲಿಂದ ಬರುತ್ತಿದ್ದುವು ಎಂಬುದು ಇನ್ನೊಂದು ಸ್ವಾರಸ್ಯ. ಮುದ್ರಣಯಂತ್ರ ಹದಿನಾರನೆಯ ಶತಮಾನದಲ್ಲಿಯೇ ಅಲ್ಲಿಗೆ ಬಂದಿತ್ತು. ಹೋಲಾರಿನ ಬಿಷಪ್ ಗುದ್‌ಬ್ರಾಂಡುರ್ ಥೋರ್ಲಾಕ್ಸನ್ 1584ರಲ್ಲಿ ಇಡೀ ಬೈಬಲನ್ನು ಐಸ್‌ಲೆಂಡಿನ ಭಾಷೆಯಲ್ಲಿ ಅಚ್ಚುಹಾಕಿಸಿದ್ದನು. ಆದರೆ ಯಂತ್ರ ಚರ್ಚಿನ ವಶದಲ್ಲಿದ್ದುದರಿಂದ ಸಾಗಾಗಳಿಗೆ ಅಲ್ಲಿ ಬಹುಕಾಲ ಪ್ರವೇಶವಿರಲಿಲ್ಲ. ಹೋಲಾರಿನಲ್ಲಿ ಅವು ಅಚ್ಚಾದದ್ದು 1756ರಲ್ಲಿ. ಅಲ್ಲಿಯವರೆಗೂ, ಆಮೇಲೆಯೂ, ರೈತರೇ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯಿಂದ ಎರವಲು ತಂದು, ಓದಿ, ಬರೆದುಕೊಂಡು, ಹಿಂದಿರುಗಿಸುವುದು. ಇದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ನಡೆದು ಬಂತು. ಹಳೆಯ ಚರ್ಮದ ಹಾಳೆಗಳಿಗೆ ಒದಗಿದ ಗತಿ ಮಾತ್ರ ವಿಚಿತ್ರ. ಆರ್ನಿ ಮಾಗ್ನೂಸನ್ (1663–1730) ಎಂಬ ವಿದ್ವಾಂಸನು ಊರೂರು ತಿರುಗಿ ಅವನ್ನು ಕೂಡಿಹಾಕಿದನು. ಅವನಿಗೆ ದೊರೆತ ಹಾಳೆಗಳಲ್ಲಿ ಕೆಲವನ್ನು ಉಡುಪು ಕತ್ತರಿಸುವುದಕ್ಕೆ ಅಳತೆಯ ಮಾದರಿಯಾಗಿ ಕತ್ತರಿಸಿದ್ದರು. ಪುಸ್ತಕವೂ ಬಟ್ಟೆಯೂ ಒಂದೇ ಮಂಚದ ಮೇಲೆ ವಾಸಮಾಡಿದರೆ ಹೀಗೂ ಆಗುವುದುಂಟು.

ಪಾದ್ರಿಗಳಿಗೆ ಈ ಕಥೆಗಳ ವಿಷಯದಲ್ಲಿ ಅಸಮಾಧಾನವಿತ್ತು. ಬಿಷಪ್ ಗುದ್‌ಬ್ರಾಂಡುರನೇ 1589ರ ಸ್ತೋತ್ರಸಂಗ್ರಹದ ಮುನ್ನುಡಿಯಲ್ಲಿ ರಾಕ್ಷಸರ, ವೀರರ ರೀಮುರ್‌ಗಳನ್ನೂ ಪ್ರೇಮಗೀತೆಗಳನ್ನೂ ಬಿಟ್ಟು ಸ್ತೋತ್ರಗಳನ್ನು ಹಾಡಬೇಕೆಂದು ಜನಕ್ಕೆ ಬುದ್ಧಿ ಹೇಳಿದ್ದನು. 1746ರ ರಾಜಾಜ್ಞೆ ಮನೆಗಳಲ್ಲಿ ಇಂಥ ಕಥೆಗಳನ್ನು ಓದಬಾರದೆಂದಿತು. ನಿಷೇಧದಿಂದ ಕೆಲಸವಾಗಲಿಲ್ಲ. ಆಗ ಸ್ಕಾಲ್‌ಹೋಲ್ಟಿನ ಬಿಷಪ್ ಹಾನ್ನೆಸ್ ಫಿನ್ಸನ್ ಇನ್ನೂ ಜಾಣತನದ ಉಪಾಯ ಹೂಡಿದನು: ಸಂಜೆಯ ಜಾಗರಣೆಯ ಹೆಸರನ್ನೇ ಇಟ್ಟು, ನೀತಿಯನ್ನೂ ಲೋಕಜ್ಞಾನವನ್ನೂ ಕಥೆಗಳಲ್ಲಿ ಬೆರೆಸಿ, ಎರಡು ಸಂಪುಟಗಳ ಪುಸ್ತಕವೊಂದನ್ನು 1796–97ರಲ್ಲಿ ಹೊರತಂದನು. ಜನ ಅದನ್ನು ಸಂತೋಷದಿಂದ ಓದಿದರು. ಸಾಗಾಗಳನ್ನೂ ರೀಮುರ್‌ಗಳನ್ನೂ ಬಿಡಲಿಲ್ಲ! ರಾತ್ರಿ ಕೆಲಸ ನಿಲ್ಲಿಸುವ ಮುನ್ನ ಧರ್ಮಗ್ರಂಥದ ಓದು ಹೇಗೂ ಇದ್ದೇ ಇತ್ತು. ಹಾಲ್‌ಗ್ರಿಮುರ್ ಪೇಟುರ್ಸನ್ ರಚಿಸಿ 1666ರಲ್ಲಿ ಅಚ್ಚಾದ, ಕ್ರಿಸ್ತನ ಯಾತನೆಯನ್ನು ಕುರಿತ ಐವತ್ತು ಸ್ತೋತ್ರಗಳನ್ನು ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಹಾಡುತ್ತಿದ್ದರು. ಅವನ್ನು ಪೂರ್ತಿ ಬಾಯಿಪಾಠ ಬಲ್ಲ ಮುದುಕಿಯರು ಅನೇಕರಿದ್ದರು.

ಇದೇ 1746ರ ಸುಮಾರಿನ ಆಜ್ಞೆಗಳಿಂದ ಬೇರೊಂದು ದೊಡ್ಡ ಪ್ರಯೋಜನವಾಯಿತು. ಲುಡ್ವಿಗ್ ಹಾರ್ಬೋ ಎಂಬ ಡೇನಿಷ್ ಧರ್ಮಾಧಿಕಾರಿ 1741ರಿಂದ 1745ರವರೆಗೆ ದ್ವೀಪದಲ್ಲೆಲ್ಲ ಸಂಚರಿಸಿ ಜನರಲ್ಲಿ ಓದು ಬಲ್ಲವರೆಷ್ಟೆಂದು ಪರೀಕ್ಷಿಸಿದನು. ಅವನ ವರದಿಯ ಫಲವಾಗಿ, ಪ್ರತಿ ಮಗುವಿಗೂ ಓದು ಕಲಿಸುವುದು ತಂದೆತಾಯಿಗಳ ಹೊಣೆಯೆಂದೂ, ಪಾದ್ರಿ ಮನೆಮನೆಗೆ ಹೋಗಿ ಪರೀಕ್ಷಿಸಿ ಪಟ್ಟಿಯಲ್ಲಿ ಬರೆದುಕೊಳ್ಳಬೇಕೆಂದೂ ಆಯಿತು. ಶಾಲೆಯಿಲ್ಲ, ಉಪಾಧ್ಯಾಯನಿಲ್ಲ, ದೀಪದ ಬಳಿ ಕುಳಿತ ತಾಯಿ ಅಥವಾ ಅಜ್ಜಿ ಮೊಣಕಾಲ ಮೇಲೆ ಪುಸ್ತಕವಿಟ್ಟು, ಕೈಯಲ್ಲಿ ಕಾಲುಚೀಲ ಹೆಣೆಯುತ್ತ, ಕಡ್ಡಿಯ ತುದಿಯಿಂದಲೇ ಅಕ್ಷರ ತೋರಿಸುತ್ತಿದ್ದರು. ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಆ ದೇಶದಲ್ಲಿ ಓದಲು ಬಾರದವರು ವಿರಳವಾದರು. ಮಕ್ಕಳೆಲ್ಲರಿಗೂ ಶಾಲೆಯ ಶಿಕ್ಷಣವನ್ನು ಕಡ್ಡಾಯಮಾಡಿದ ಕಾನೂನು ಬಂದದ್ದು 1907ರಲ್ಲಿ ಎಂಬುದನ್ನು ಗಮನಿಸಬೇಕು. ಬರವಣಿಗೆಯ ಮಾತು ಬೇರೆ. ಓದು ಆತ್ಮೋದ್ಧಾರಕ್ಕೆ ಬೇಕು, ಬರವಣಿಗೆ ಏಕೆ ಎಂದು ಹಿರಿಯರ ವಾದ. ಹೆಣ್ಣುಮಕ್ಕಳಿಗಂತೂ ಅದನ್ನು ಬಹುಕಾಲ ಕಲಿಸಲಿಲ್ಲ. ಕಲಿಯಲು ಹಟ ಹಿಡಿದವರು ಕಾಡುಗಿಡವನ್ನು ಕುದಿಸಿ ಮಸಿ ಮಾಡಿಕೊಂಡರು. ಮಂಜುಗಡ್ಡೆಯ ಮೇಲೆ ಕೋಲಿನಿಂದ ಗೀಚಿ ಅಕ್ಷರ ತಿದ್ದಿದರು.

ಇಷ್ಟನ್ನು ಕೇಳಿದವರಿಗೆ ಈ ಸಂಜೆಗಳು ಬಹು ರಮಣೀಯವಾಗಿ ಕಾಣಬಹುದು. ಹೆಂಡರ್‌ಸನ್ನನಿಗೂ ಹಾಗೆಯೇ ಕಂಡಿತು, ಅವನು ಅತಿಥಿ. ಆದರೆ ಆ ಕೋಣೆಯಲ್ಲಿ ಕುಳಿತಿದ್ದವರೆಲ್ಲರೂ ಒಂದು ಸಂಸಾರದವರಲ್ಲ. ಸ್ವಂತ ಹೊಲಮನೆಯಾಗಲಿ ಗೇಣಿಯಾಗಲಿ ಇಲ್ಲದವನು ಯಾವುದಾದರೊಂದು ಮನೆಯಲ್ಲಿ ವರ್ಷದ ಆಳಾಗಿ ಸೇರಲೇಬೇಕೆಂದು ಅಲ್ಲಿ ಕಾನೂನಿತ್ತು. ತನ್ನಿಷ್ಟದಂತೆ ಕೂಲಿ ಮಾಡಿಕೊಂಡು ಬೇರೆ ಇರಲು ಅವಕಾಶವಿರಲಿಲ್ಲ. ಆಳಾಗಿದ್ದವನಿಗೆ ಮದುವೆಯೂ ಸುಲಭವಲ್ಲ. ಈ ಕಟ್ಟು ಬಹುಮಟ್ಟಿಗೆ ಸಡಿಲವಾದದ್ದು 1894ರಲ್ಲಿ. ಮೂಲೆಯ ಮಂಚದಲ್ಲಿ ಅನಾಥ ಮಗುವೊಂದು ಕುಳಿತಿರಬಹುದು. ಊರಿನ ಹಣದಲ್ಲಿ ಅತಿ ಕಡಿಮೆ ಕೇಳಿದವರ ಮನೆಗೆ ಅದನ್ನು ಸಾಕಲು ಒಪ್ಪಿಸಿರುತ್ತಿದ್ದರು. ಅದರ ಕೈಯಲ್ಲಿಯೂ ಕಡ್ಡಿ. ಕ್ರಿಸ್‌ಮಸ್ಸಿಗೆ ಮುಂಚಿನ ವಾರದಲ್ಲಿ, ವರ್ತಕನಿಗೆ ಕೊಡಬೇಕಾದ ಸರಕು ಮುಗಿಯಬೇಕೆಂದು, ನಿದ್ರೆ ತೂಗುವ ಆಳುಗಳ ರೆಪ್ಪೆಗೆ ಸಣ್ಣ ಕಡ್ಡಿಗಳನ್ನು ಸಿಕ್ಕಿಸುತ್ತಿದ್ದರೆಂದು ಹೇಳುತ್ತಾರೆ. ಆ ಕಡ್ಡಿಗಳಿಗೊಂದು ಹೆಸರೂ ಉಂಟು. ಹಬ್ಬಕ್ಕೆ ಹೊಸ ಉಡುಪು ಸಿಕ್ಕದವರನ್ನು ಒಂದು ಭಾರಿ ಬೆಕ್ಕು ಬಂದು ಹಿಡಿಯುತ್ತದೆಂಬ ಹೆದರಿಕೆಯೂ ಇದೇ ದುಡಿಮೆಗೆ ಸೇರಿದ್ದು.

ಹಾಗಾದರೆ ಸಾಗಾಗಳ ಓದು ಕೇವಲ ಆಳುಗಳನ್ನು ಎಚ್ಚರವಾಗಿಡುವ ಉಪಾಯವೇ? ಹಾಗೆಂದು ವಾದಿಸುವವರಿದ್ದಾರೆ, ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕಥೆ ಕೇಳುವ ಕೈ ನಿದ್ರೆ ಹೋಗುವುದಿಲ್ಲವೆಂಬುದನ್ನು ಯಜಮಾನನು ಚೆನ್ನಾಗಿ ಬಲ್ಲನು. ಆದರೆ ಅಷ್ಟರಿಂದಲೇ ವಿಷಯ ಮುಗಿಯಲಿಲ್ಲವೆಂದು ನಮ್ಮ ಅಭಿಪ್ರಾಯ. ಎಚ್ಚರವಾಗಿಡುವುದಕ್ಕೆ ಬೈಗುಳವೂ ಸಾಕಾಗುತ್ತಿತ್ತು. ಯಜಮಾನನಿಗೆ ಓದಿದ ಕಥೆಯನ್ನೇ ಆಳೂ ಕೇಳಿದನು, ಅನಾಥ ಮಗುವೂ ಕೇಳಿತು. ಕಥೆಗೆ ಮೇಲಿನ ಪಂಕ್ತಿ ಕೆಳಗಿನ ಪಂಕ್ತಿ ಇರಲಿಲ್ಲ. ಮಾರನೆಯ ದಿನ ಕುರಿ ಕಾಯುವಾಗ ಮನಸ್ಸಿನಲ್ಲಿಟ್ಟುಕೊಳ್ಳಲು ಅವನಿಗೂ ಏನೋ ಒಂದು ಸಿಕ್ಕಿತು. ಹೆಣೆದ ಕಾಲುಚೀಲ ಡೇನಿಷ್ ವರ್ತಕನ ಪಾಲಾಯಿತು. ಕೇಳಿದ ಕಥೆ ಕೇಳಿದವರಲ್ಲಿಯೇ ಉಳಿಯಿತು.

1783ರ ಜೂನ್ ತಿಂಗಳಿನಲ್ಲಿ ದಕ್ಷಿಣದ ಲಾಕಿ ಎಂಬಲ್ಲಿ ನೆಲ ಉದ್ದಕ್ಕೂ ಬಿರಿದು ಎಂಟು ತಿಂಗಳ ಕಾಲ ಲಾವಾರಸವನ್ನೂ ವಿಷದ ಹೊಗೆಯನ್ನೂ ಉಗುಳಿತು. ಹುಲ್ಲು ವಿಷವಾಯಿತು. ಕುರಿಗಳಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಸತ್ತುವು. ಹಸಿವಿನಿಂದಲೂ ರೋಗದಿಂದಲೂ ಜನರಲ್ಲಿ ಐದನೆಯ ಒಂದು ಪಾಲು ಅಳಿದುಹೋಯಿತು. ಉಣ್ಣೆಯೇ ಇಲ್ಲದ ಮನೆಯಲ್ಲಿ ಹೆಣಿಗೆಯೆಲ್ಲಿ? ಲಾವಾರಸ ಹರಿದುಬರುತ್ತಿದ್ದ ಊರಿನ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್. ಜುಲೈ 20ನೆಯ ತಾರೀಕು ಅವನು ಚರ್ಚಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದಾಗ ಬೆಂಕಿಯ ಹೊಳೆ ಊರ ಹೊರಗೆ ನಿಂತುಬಿಟ್ಟಿತು. ಆ ಪ್ರಸಂಗವನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಆದರೆ ಮರುವರ್ಷ ಅವನ ಹೆಂಡತಿ ತೀರಿಕೊಂಡಳು. ಆಮೇಲೆ ಅವನು ತನ್ನ ಜೀವನಚರಿತ್ರೆಯನ್ನು ಬರೆದನು. ಲೋಕಕ್ಕಾಗಿ ಅಲ್ಲ, ತನ್ನ ಹೆಣ್ಣುಮಕ್ಕಳು ಓದಲೆಂದು. ಕುರಿಗಳ ಕೀಲು ಹೇಗೆ ಊದಿಕೊಂಡುವು, ಜನ ಏನೇನು ತಿಂದರು, ತನ್ನ ತಪ್ಪುಗಳೇನು, ಎಲ್ಲವನ್ನೂ ಅದರಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ಕೆಟ್ಟ ಕಾಲದಲ್ಲಿಯೂ ಮನೆಯವರು ಓದುವರೆಂಬ ನಂಬಿಕೆ ಅವನಿಗೆ ಹೋಗಿರಲಿಲ್ಲ.

ಜಾಗರಣೆಯನ್ನು ಕೊನೆಗೆ ಮುಗಿಸಿದ್ದು ಬೆಂಕಿಯಲ್ಲ, ಬೆಳಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಯೆಣ್ಣೆಯ ದೀಪ ಬಂತು. ಕೋಣೆಯೆಲ್ಲ ಬೆಳಗಿದ ಮೇಲೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ತಾವೇ ಓದಿಕೊಳ್ಳಬಹುದಾಯಿತು. 1870ರಿಂದ ಮೊದಲಾಗಿ ಸಾವಿರಾರು ಜನ ಅಮೆರಿಕಕ್ಕೆ ವಲಸೆ ಹೋದರು. ಕೆನಡಾದ ಮಾನಿಟೋಬಾದಲ್ಲಿ 1875ರಲ್ಲಿ ಗಿಮ್ಲಿ ಎಂಬ ಊರು ಕಟ್ಟಿದವರು ಇವರೇ. ಉಳಿದವರು ಮೀನುಗಾರಿಕೆಯ ಪಟ್ಟಣಗಳಿಗೆ ಇಳಿದರು. ಉಣ್ಣೆ ನೂಲಲು ಯಂತ್ರ ಬಂತು. ಈಗ ಐಸ್‌ಲೆಂಡಿನ ಗುರುತಾಗಿ ಲೋಕವೆಲ್ಲ ಬಲ್ಲ, ಕೊರಳ ಸುತ್ತ ಬಳ್ಳಿಯಂತೆ ಚಿತ್ತಾರವಿರುವ ಉಣ್ಣೆಯ ಅಂಗಿ ಪುರಾತನವಾದದ್ದೆಂದು ಅನೇಕರು ನಂಬಿದ್ದಾರೆ. ಅದು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಸೃಷ್ಟಿ. ಬಾದ್‌ಸ್ತೋವಾದ ಅಜ್ಜಿಯರು ಅದನ್ನು ಕಂಡವರಲ್ಲ.

ಉತ್ತರದ ಗ್ಲೌಂಬೇರ್ ಎಂಬಲ್ಲಿ ಹೆಂಟೆಯ ಮನೆಯೊಂದು ಹಾಗೆಯೇ ನಿಂತಿದೆ. 1947ರವರೆಗೆ ಅದರಲ್ಲಿ ಜನ ವಾಸಿಸುತ್ತಿದ್ದರು; 1952ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅಷ್ಟರಲ್ಲಿ ಜಾಗರಣೆ ಬೇರೆ ರೂಪ ತಾಳಿತ್ತು. ರೇಕ್ಯವೀಕ್ ನಗರದಲ್ಲಿ 1930ರ ಡಿಸೆಂಬರಿನಲ್ಲಿ ದೇಶದ ರೇಡಿಯೋ ಆರಂಭವಾಯಿತು; ನಮ್ಮ ಮೈಸೂರಿನಲ್ಲಿ ಆಕಾಶವಾಣಿ ಮೊದಲಾದದ್ದು 1935ರಲ್ಲಿ. ಅಲ್ಲಿಯ ನಿಲಯದವರು ತಮ್ಮ ಸಂಜೆಯ ಒಂದು ಕಾರ್ಯಕ್ರಮಕ್ಕೆ ಕ್ವೋಲ್ಡ್‌ವಾಕಾ ಎಂಬ ಹಳೆಯ ಹೆಸರನ್ನೇ ಇಟ್ಟರು. 1944ರಿಂದ ಹಾಲ್‌ಗ್ರಿಮುರನ ಐವತ್ತು ಸ್ತೋತ್ರಗಳನ್ನು ವ್ರತದ ದಿನಗಳಲ್ಲಿ ಸಂಜೆಗೊಂದರಂತೆ ಓದುವ ಪದ್ಧತಿಯೂ ಬಂತು. ಓದುವವನೊಬ್ಬ, ಕೇಳುತ್ತ ಹೆಣೆಯುವವರು ಹಲವರು, ವ್ಯವಸ್ಥೆ ಹಿಂದಿನದೇ. ಒಂದೇ ವ್ಯತ್ಯಾಸ: ಹೆಂಡರ್‌ಸನ್ ಕಂಡ ಮನೆಯಲ್ಲಿ ಮೂಲೆಯ ಮಂಚದಿಂದ ಒಬ್ಬರು ಓದನ್ನು ತಡೆದು, ಅವನು ಮಾಡಿದ್ದು ಸರಿಯೆ ಎಂದು ಕೇಳಬಹುದಾಗಿತ್ತು. ರೇಡಿಯೋದ ಮುಂದೆ ಕುಳಿತವರಿಗೆ ಆ ಅನುಕೂಲವಿಲ್ಲ. ನಾವು ಇಷ್ಟು ಹೊತ್ತು ಯಾವ ತಡೆಯೂ ಇಲ್ಲದೆ ಮಾತನಾಡಿದ್ದೂ ಅದರಿಂದಲೇ.